ಗುಂಡಿ ತೋಡಿದಾಗ ಬಂದ ಬಿಳಿ ಕಲ್ಲು: ಬಂಡೆ ಮಣ್ಣಾಗುವ, ಮಣ್ಣು ಮತ್ತೆ ಬಂಡೆಯಾಗುವ ಲೆಕ್ಕ

ಕಳೆದ ತಿಂಗಳು ಹಿರಿಯೂರು ಕಡೆಯ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅಂಗೈ ಮೇಲೆ ನೆಲ್ಲಿಕಾಯಿ ಗಾತ್ರದ, ಗಂಟುಗಂಟಾದ ಬಿಳಿ ಕಲ್ಲುಗಳು. ಜೊತೆಗೆ ಒಂದು ವಾಯ್ಸ್ ಮೆಸೇಜು: "ಅಕ್ಕಾ, ನಿಂಬೆ ಹಾಕೋಕೆ ಗುಂಡಿ ತೆಗೆಸ್ತಾ ಇದೀನಿ. ಎರಡು ಅಡಿ ಆದ್ಮೇಲೆ ಬರೀ ಇವೇ ಬರ್ತಾವೆ. ನಾಳೆ ಬೆಳಗ್ಗೆ ಇನ್ನೂರು ಗಿಡ ಬರುತ್ತೆ. ಏನೂ ತೊಂದರೆ ಇಲ್ಲ ಅಲ್ವಾ?"

ನಾನು ಫೋನ್ ಮಾಡಿ ಹೇಳಿದ ಮೊದಲ ಮಾತು: "ಗುಂಡಿ ತೆಗೆಯೋದು ನಿಲ್ಸಪ್ಪ. ಗಿಡ ಬಂದ್ರೆ ನೆರಳಲ್ಲಿ ಇಡು."

ಅಷ್ಟು ಅವಸರ ಯಾಕೆ ಅಂದ್ರೆ, ಅದೇ ಬಿಳಿ ಕಲ್ಲು ನನಗೆ ಎರಡು ಎಕರೆ ನಿಂಬೆ ತೋಟ ಕಳೆಸಿದೆ. ತೋಟಗಾರಿಕೆ ಓದಿ ಊರಿಗೆ ಬಂದ ಹೊಸತು. ಕೆಳಗಿನ ಎರೆ ಹೊಲ ನೋಡೋಕೆ ಬಹಳ ಚೆನ್ನಾಗಿತ್ತು, ಕಪ್ಪಗೆ, ಮೆತ್ತಗೆ. ಮಣ್ಣು ಪರೀಕ್ಷೆನೂ ಮಾಡಿಸಿದ್ದೆ, ಆದರೆ ಮೇಲಿನ ಅರ್ಧ ಅಡಿ ಮಣ್ಣು ಮಾತ್ರ ಕೊಟ್ಟಿದ್ದೆ. ಇಪ್ಪತ್ತು ಅಡಿಗೊಂದರಂತೆ 210 ಗಿಡ ಕೂರಿಸಿದ್ವಿ. ಎರಡು ವರ್ಷ ಜೋರಾಗಿ ಬಂತು. ಮೂರನೇ ವರ್ಷ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಸಲಹೆ ಕೊಡೋಕೆ ಬಂದ ಒಬ್ಬರು ಲಘು ಪೋಷಕಾಂಶದ ಕೊರತೆ ಅಂದ್ರು, ಸಾವಿರಾರು ರೂಪಾಯಿಯ ಪ್ಯಾಕೆಟ್ಟು ಕೊಟ್ಟು ಹೋದ್ರು. ಸಿಂಪಡಿಸಿದರೆ ಹದಿನೈದು ದಿನ ಹಸಿರು, ಆಮೇಲೆ ಮತ್ತೆ ಹಳದಿ. ನಾಲ್ಕನೇ ವರ್ಷದ ಮಳೆಗಾಲ ಮುಗಿಯೋ ಹೊತ್ತಿಗೆ ಅರವತ್ತು ಗಿಡ ಒಣಗಿ ನಿಂತವು. ಆಗ ಜೆಸಿಬಿ ತರಿಸಿ ಸತ್ತ ಗಿಡದ ಪಕ್ಕ ಅಗೆಸಿದೆ. ಎರಡೂಕಾಲು ಅಡಿ ಕೆಳಗೆ ಕಾಂಕ್ರೀಟ್ ಸುರಿದ ಹಾಗೆ ಬಿಳಿ ಪದರ. ತಾಯಿಬೇರು ಅದರ ಮೇಲೆ ಬಂದು, ದಾರಿ ಸಿಗದೆ, ಹಾವು ಸುರುಳಿ ಸುತ್ತಿದ ಹಾಗೆ ಸುತ್ತಿಕೊಂಡಿತ್ತು.

ನಮ್ಮಪ್ಪ ಬದುವಿನ ಮೇಲೆ ನಿಂತು ಒಂದೇ ಮಾತು ಅಂದ: "ಬಾವಿ ತೋಡಿದಾಗ್ಲೂ ಇದೇ ಬಂದಿತ್ತಲ್ಲ." ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಆ ಕಲ್ಲು ಅಲ್ಲಿಗೆ ಹೇಗೆ ಬಂತು ಅನ್ನೋದು ಗೊತ್ತಾಗಬೇಕಾದರೆ ಬಂಡೆಗಳ ಇಡೀ ಕಥೆ ಬೇಕು. ಶಾಲೆಯಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮೂರು ಹೆಸರು ಬಾಯಿಪಾಠ ಮಾಡಿ ಎರಡು ಅಂಕ ತಗೊಂಡಿರ್ತೀವಿ. ಅದು ನಮ್ಮ ಹೊಲದ ಕೆಳಗೇ ನಡೆಯೋ ವ್ಯವಹಾರ ಅಂತ ಯಾರೂ ಹೇಳಿರಲ್ಲ.

ಇದನ್ನು ಮೊದಲು ಕಂಡವನೂ ಒಬ್ಬ ಬೇಸಾಯಗಾರ

ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಹಟನ್ ಅಂತ ಒಬ್ಬ ಇದ್ದ, 1726ರಲ್ಲಿ ಹುಟ್ಟಿದವನು. ಓದಿದ್ದು ವೈದ್ಯಕೀಯ, ಆದರೆ ಅಪ್ಪನಿಂದ ಬಂದ ಜಮೀನಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಸಾಯ ಮಾಡಿದ. ಹೊಸ ಬೇಸಾಯ ಪದ್ಧತಿ ಕಲಿಯೋಕೆ ಅಂತಲೇ ಇಂಗ್ಲೆಂಡಿಗೆ ಹೋಗಿ ಇದ್ದು ಬಂದವನು. ಪ್ರತಿ ಮಳೆಗೂ ತನ್ನ ಹೊಲದ ಮಣ್ಣು ಕೊಚ್ಚಿಕೊಂಡು ಹಳ್ಳಕ್ಕೆ, ಹಳ್ಳದಿಂದ ಸಮುದ್ರಕ್ಕೆ ಹೋಗೋದು ಅವನ ಕಣ್ಣಿಗೆ ಬಿತ್ತು. ನಮಗೂ ಬೀಳುತ್ತೆ, ನಾವು ಬದು ಹಾಕಿ ಸುಮ್ಮನಾಗ್ತೀವಿ. ಅವನು ಮುಂದಿನ ಪ್ರಶ್ನೆ ಕೇಳಿದ: ಹೀಗೆ ಬರೀ ಕೊಚ್ಚಿಹೋಗ್ತಾ ಇದ್ದರೆ ಇಷ್ಟು ಹೊತ್ತಿಗೆ ಭೂಮಿ ಮೇಲೆ ನೆಲವೇ ಉಳಿಯಬಾರದಿತ್ತಲ್ಲ? ಎಲ್ಲೋ ಹೊಸ ನೆಲ ಹುಟ್ಟುತ್ತಲೂ ಇರಬೇಕು. ಸಮುದ್ರದ ತಳದಲ್ಲಿ ಕೂತ ಮಣ್ಣು ಗಟ್ಟಿಯಾಗಿ ಕಲ್ಲಾಗಿ, ಒಳಗಿನ ಶಾಖದಿಂದ ಮೇಲೆದ್ದು, ಮತ್ತೆ ಸವೆದು ಮಣ್ಣಾಗಬೇಕು. ಇದನ್ನ ಅವನು 1785ರಲ್ಲಿ ಎಡಿನ್‌ಬರೋದ ವಿದ್ವಾಂಸರ ಮುಂದೆ ಇಟ್ಟ. ಇವತ್ತು ಶಿಲಾಚಕ್ರ ಅನ್ನೋ ಪಾಠದ ಬೇರು ಅದೇ.

ಚಕ್ರ ಅಂದ ಮಾತ್ರಕ್ಕೆ ಗಾಣದ ಎತ್ತಿನ ಹಾಗೆ ಒಂದೇ ದಾರಿಯಲ್ಲಿ ಸುತ್ತುತ್ತೆ ಅಂದ್ಕೋಬೇಡಿ. ಕರಗಿದ ರಸ ಆರಿದರೆ ಅಗ್ನಿಶಿಲೆ. ಅದು ಸವೆದು, ಸಾಗಿ, ಕೂತು, ಗಟ್ಟಿಯಾದರೆ ಕಣಶಿಲೆ. ಎರಡರಲ್ಲಿ ಯಾವುದೇ ಆದರೂ ಆಳಕ್ಕೆ ಇಳಿದು ಶಾಖ, ಒತ್ತಡಕ್ಕೆ ಸಿಕ್ಕಿ ಕರಗದೆಯೇ ಬದಲಾದರೆ ರೂಪಾಂತರ ಶಿಲೆ. ಇನ್ನೂ ಬಿಸಿಯಾದರೆ ಕರಗಿ ಮತ್ತೆ ರಸ. ಆದರೆ ಯಾವ ಕಲ್ಲು ಬೇಕಾದರೂ ಮಧ್ಯದಲ್ಲೇ ನೆಲದ ಮೇಲೆ ಬಂದು ನೇರ ಮಣ್ಣಾಗಬಹುದು, ಕಣಶಿಲೆ ಸವೆದು ಮತ್ತೊಮ್ಮೆ ಕಣಶಿಲೆಯೇ ಆಗಬಹುದು.

ನಮ್ಮ ಕಾಲ ಕೆಳಗೆ ಯಾವ ಕಲ್ಲು?

ಕರ್ನಾಟಕದ ದಕ್ಷಿಣ ಭಾಗದಲ್ಲಿ ಬೋರ್ ಕೊರೆಸಿದರೆ ಹೆಚ್ಚಿನ ಕಡೆ ಸಿಗೋದು ನೈಸ್ ಅನ್ನೋ ಕಲ್ಲು. ಬೂದು, ಬಿಳಿ, ಕಪ್ಪು ಪಟ್ಟೆಗಳಿರುವ ರೂಪಾಂತರ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಜಾತಿ, ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಒಳಗೆ ಸುಮಾರು 250 ಕೋಟಿ ವರ್ಷದ ಹಿಂದೆ ಕೆಳಗಿನಿಂದ ಕರಗಿದ ರಸ ನುಗ್ಗಿ, ನೆಲದಾಳದಲ್ಲೇ ನಿಧಾನವಾಗಿ ಆರಿ ಗ್ರಾನೈಟ್ ಆಯಿತು. ರಾಮನಗರದ ಬೆಟ್ಟಗಳು ಅದೇ. ಆ ಊರಿನ ಹಳೇ ಹೆಸರು ಕ್ಲೋಸ್‌ಪೇಟೆ ಆಗಿದ್ದರಿಂದ ಭೂವಿಜ್ಞಾನಿಗಳು ಇವತ್ತೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ. ನಿಧಾನವಾಗಿ ಆರಿದ್ದಕ್ಕೆ ಅದರ ಹರಳು ದಪ್ಪ. ಕಲ್ಲುಸಕ್ಕರೆ ಮಾಡೋರು ಪಾಕವನ್ನ ನಿಧಾನವಾಗಿ ಆರಲು ಬಿಡ್ತಾರಲ್ಲ, ಹಾಗೆ.

ವಿಜಯಪುರ, ಬೀದರ್, ಕಲಬುರಗಿ, ಬೆಳಗಾವಿ ಕಡೆಯವರ ಕಾಲ ಕೆಳಗೆ ಬೇರೆ ಕಥೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಹರಿದು, ಪದರದ ಮೇಲೆ ಪದರ ಕೂತು ಬಸಾಲ್ಟ್ ಆಯಿತು. ಇವತ್ತಿಗೂ ಐದು ಲಕ್ಷ ಚದರ ಕಿಲೋಮೀಟರ್‌ನಷ್ಟು ಜಾಗದಲ್ಲಿ ಅದೇ ಹಾಸಿದೆ, ಹೆಚ್ಚಿನದು ಮಹಾರಾಷ್ಟ್ರದಲ್ಲಿ. ಬೇಗ ಆರಿದ್ದರಿಂದ ಹರಳು ಕಣ್ಣಿಗೆ ಕಾಣದಷ್ಟು ಸಣ್ಣ, ಕಲ್ಲು ಕಪ್ಪು.

ನಮ್ಮ ಚಿತ್ರದುರ್ಗ ಜಿಲ್ಲೆಗೆ ಇವೆರಡೂ ಸಾಲದು. ಇಲ್ಲಿ ಇನ್ನೂ ಹಳೇ ಲಾವಾ ಇದೆ. ಮರಡಿಹಳ್ಳಿ ಹತ್ತಿರ ದಿಂಬು ಜೋಡಿಸಿದ ಹಾಗೆ ಕಾಣುವ ಬಂಡೆಗಳನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಉಳಿಸಿದ್ದಾರೆ. ಲಾವಾ ನೀರಿನೊಳಗೆ ಉಕ್ಕಿದರೆ ಹೊರಗಿನ ಸಿಪ್ಪೆ ತಟ್ಟನೆ ಆರಿ ದಿಂಬಿನ ಆಕಾರ ಬರುತ್ತೆ. ಅಂದ್ರೆ ಇವತ್ತು ನಾವು ಹನಿ ನೀರಾವರಿಗೂ ಪರದಾಡೋ ಈ ಜಾಗ ಒಂದು ಕಾಲಕ್ಕೆ ನೀರಿನಡಿ ಇತ್ತು. ಆಮೇಲೆ ಆ ಲಾವಾ ಒತ್ತಡಕ್ಕೆ ಸಿಕ್ಕಿ ಹಸಿರು ಛಾಯೆಯ ಕಲ್ಲಾಯಿತು. ನನ್ನ ಕೆಳಗಿನ ಹೊಲದ ಮೇಲ್ಗಡೆ ಇರೋ ಗುಡ್ಡ ಇಂಥದ್ದೇ. ಇದನ್ನ ನೆನಪಿಟ್ಟುಕೊಳ್ಳಿ, ಬಿಳಿ ಕಲ್ಲಿನ ಮೂಲ ಅಲ್ಲಿದೆ.

ಬಂಡೆ ಕೊಳೆಯೋದು

ಕಲ್ಲು ಕೊಳೆಯುತ್ತೆ ಅಂದ್ರೆ ನಗಬೇಡಿ. ಬಾವಿ ತೋಡೋರು, ರಸ್ತೆಗೆ ಗುಡ್ಡ ಕಡಿಯೋರು ಕೊಳೆತ ಕಲ್ಲು ಅಂತಲೇ ಅಂತಾರೆ. ನೋಡೋಕೆ ಬಂಡೆಯ ಹಾಗೇ ಪಟ್ಟೆ, ಚುಕ್ಕಿ ಎಲ್ಲ ಇರುತ್ತೆ, ಕೈಯಲ್ಲಿ ಹಿಸುಕಿದರೆ ಪುಡಿ. ಅದೇ ಗರಸು.

ಇದರಲ್ಲಿ ಬಿಸಿಲು, ಚಳಿ, ಬೇರು ಇವುಗಳ ಪಾತ್ರ ಎಲ್ಲರಿಗೂ ಗೊತ್ತು. ಬಂಡೆ ಸೀಳಿನಲ್ಲಿ ಅರಳಿ ಗಿಡ ನೋಡದವರಿಲ್ಲ. ಆದರೆ ದೊಡ್ಡ ಕೆಲಸ ಮಾಡೋದು ನೀರು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸಣ್ಣ ಹುಳಿ ಆಗಿರುತ್ತೆ, ಸೋಡಾ ಇದ್ದ ಹಾಗೆ. ಮಣ್ಣಿಗೆ ಇಳಿದ ಮೇಲೆ ಬೇರು, ಸೂಕ್ಷ್ಮಜೀವಿಗಳು ಬಿಡೋ ಉಸಿರಿನಿಂದ ಆ ಹುಳಿ ಇನ್ನೂ ಹೆಚ್ಚುತ್ತೆ. ಮನೇಲಿ ಮಸಾಲೆಗೆ ಹಾಕೋ ಕಲ್ಲುಹೂವು ಇದೆಯಲ್ಲ, ಆ ಜಾತಿಯ ಜೀವಿಗಳು ಬಂಡೆ ಮೇಲೆ ಅಂಟಿಕೊಂಡು ಆಮ್ಲ ಬಿಟ್ಟು ಕಲ್ಲನ್ನ ಕೆರೆದು ತಿನ್ನುತ್ತವೆ. ಮಣ್ಣೇ ಇಲ್ಲದ ಬಂಡೆ ಮೇಲೆ ಮೊದಲ ಬೇಸಾಯ ಮಾಡೋರು ಅವರೇ.

ಚಿತ್ರದುರ್ಗದ ಕೋಟೆ, ಹಂಪಿ, ರಾಮನಗರ, ಎಲ್ಲ ಕಡೆ ಗುಂಡು ಬಂಡೆ ಒಂದರ ಮೇಲೊಂದು ಕೂತಿರೋದು ಯಾಕೆ ಅಂತ ನನಗೆ ಕಾಲೇಜು ಮುಗಿಯೋವರೆಗೂ ಗೊತ್ತಿರಲಿಲ್ಲ. ಯಾರೂ ಉರುಳಿಸಿ ತಂದಿಟ್ಟದ್ದಲ್ಲ. ನೆಲದೊಳಗಿದ್ದಾಗಲೇ ಬಂಡೆಯಲ್ಲಿ ಅಡ್ಡ, ಉದ್ದ ಬಿರುಕು ಬಿಟ್ಟು ಪೆಟ್ಟಿಗೆ ಪೆಟ್ಟಿಗೆಯಾಗಿರುತ್ತೆ. ಬಿರುಕಿನೊಳಗೆ ನೀರು ಇಳಿದಾಗ ಮೂಲೆಗೆ ಮೂರು ಕಡೆಯಿಂದ ಏಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಅಚ್ಚುಬೆಲ್ಲ ನೀರಿಗೆ ಹಾಕಿದರೆ ಮೊದಲು ಮೂಲೆ ಕರಗಿ ಉಂಡೆ ಆಗುತ್ತಲ್ಲ, ಅದೇ ಲೆಕ್ಕ. ಸುತ್ತಲಿನ ಗರಸು ಮಳೆಗೆ ಕೊಚ್ಚಿಹೋದ ಮೇಲೆ ಒಳಗಿನ ಗುಂಡು ಕಲ್ಲು ಹಾಗೇ ಕೂತುಬಿಡುತ್ತೆ. ಆ ಕೊಚ್ಚಿಹೋದದ್ದೇ ಕೆಳಗಿನ ಬಯಲಿನ ಹೊಲ.

ಈಗ ರೈತನಿಗೆ ಬೇಕಾದ ವಿಷಯ. ಗ್ರಾನೈಟ್, ನೈಸ್ ಎರಡರಲ್ಲೂ ಮುಖ್ಯವಾಗಿ ಮೂರು ಖನಿಜ. ಬೆಣಚು, ಅದು ಗಾಜಿನ ಹಾಗೆ ಹೊಳೆಯುತ್ತೆ, ಕೊಳೆಯೋದೇ ಇಲ್ಲ ಅನ್ನಬಹುದು, ಮರಳಾಗಿ ಉಳಿಯುತ್ತೆ. ಎರಡನೇದು ಫೆಲ್ಡ್‌ಸ್ಪಾರ್, ಬಿಳಿ ಅಥವಾ ಗುಲಾಬಿ ಬಣ್ಣ. ಇದು ಹುಳಿ ನೀರಿಗೆ ಸೋತು ಜೇಡಿ ಆಗುತ್ತೆ, ಆಗುವಾಗ ಒಳಗಿದ್ದ ಪೊಟ್ಯಾಷ್, ಸೋಡಿಯಂ, ಸುಣ್ಣದ ಅಂಶ ಬಿಟ್ಟುಕೊಡುತ್ತೆ. ಮೂರನೇದು ನಾವು ಚಿಕ್ಕವರಿದ್ದಾಗ ಆಯ್ದು ಆಡ್ತಿದ್ದ ಕಾಗೆ ಬಂಗಾರ. ಅದರಲ್ಲೂ ಪೊಟ್ಯಾಷ್ ಇದೆ, ಕಪ್ಪು ಜಾತಿಯದರಲ್ಲಿ ಕಬ್ಬಿಣ. ಆ ಕಬ್ಬಿಣ ತುಕ್ಕು ಹಿಡಿದೇ ನಮ್ಮ ಮಸಾರಿ ಭೂಮಿ ಕೆಂಪಾಗಿರೋದು. ಮರಳು ಜಾಸ್ತಿ, ನೀರು ಬೇಗ ಇಂಗುತ್ತೆ, ಗೊಬ್ಬರವೂ ಬೇಗ ಇಳಿದು ಹೋಗುತ್ತೆ.

ಬಸಾಲ್ಟಿನಲ್ಲಿ ಬೆಣಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕೊಳೆತರೆ ಮರಳು ಉಳಿಯಲ್ಲ, ಬಹುಪಾಲು ಜೇಡಿಯೇ. ಸುಣ್ಣ, ಮೆಗ್ನೀಷಿಯಂ, ಕಬ್ಬಿಣ ಹೇರಳ. ಮಳೆ ಕಡಿಮೆ ಇರೋ ಕಡೆ ಇದರಿಂದ ಹುಟ್ಟೋ ಜೇಡಿ ನೀರು ಕುಡಿದರೆ ಊದಿಕೊಳ್ಳುತ್ತೆ, ಒಣಗಿದರೆ ಕಾಲು ಇಳಿಯುವಷ್ಟು ಬಿರುಕು ಬಿಡುತ್ತೆ. ಎರೆ ಭೂಮಿಯ ಗುಣ ಎಲ್ಲ ಅಲ್ಲಿಂದ ಬಂದದ್ದು.

ಅದೇ ಕಲ್ಲು ಮಳೆ ಜಾಸ್ತಿ ಇರೋ ಕಡೆ ಬೇರೆಯೇ ಆಗುತ್ತೆ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ. ಮಳೆ ಬಿದ್ದು ಬಿದ್ದು ಸುಣ್ಣ, ಪೊಟ್ಯಾಷ್, ಕೊನೆಗೆ ಸಿಲಿಕಾ ಕೂಡ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದು ಜಂಬಿಟ್ಟಿಗೆ ಆಗಿದೆ. ಕೆಲವರು ಮುರಕಲ್ಲು ಅಂತಾರೆ. ಒಳಗೆ ಮೆತ್ತಗಿರುತ್ತೆ, ಕೊಯ್ದು ಗಾಳಿಗಿಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಅನ್ನೋ ಅಧಿಕಾರಿ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ, 1807ರಲ್ಲಿ ಬರೆದ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅನ್ನೋ ಪದದಿಂದ ಬಂದದ್ದು. ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ! ಅಲ್ಲಿನ ರೈತರು ಹುಳಿ ಮಣ್ಣಿಗೆ ಸುಣ್ಣ ಕೊಂಡು ಹಾಕ್ತಾರೆ. ನಮ್ಮ ಕಡೆ ಸುಣ್ಣ ಬೇಡ ಅಂದ್ರೂ ಬಿಡ್ತಿಲ್ಲ.

ಮಣ್ಣು ಮತ್ತೆ ಕಲ್ಲಾಗೋದು

ಕೆರೆ ಗೋಡು ಹೊಡೆಸಿದವರಿಗೆ ಒಂದು ವಿಷಯ ಗೊತ್ತಿರುತ್ತೆ. ಹಳ್ಳ ಬಂದು ಸೇರೋ ಕಡೆ ದಪ್ಪ ಮರಳು, ನಡುವೆ ನುಣುಪು ಮರಳು, ಏರಿ ಹತ್ತಿರ ಬೆಣ್ಣೆಯಂಥ ಗೋಡು. ನೀರಿನ ವೇಗ ಕಡಿಮೆ ಆದ ಹಾಗೆ ಭಾರದ್ದು ಮೊದಲು ಕೂರುತ್ತೆ, ಹಗುರದ್ದು ಕೊನೆಗೆ. ಹಾಗಾಗಿ ಗೋಡು ತರುವಾಗ ಏರಿ ಕಡೆಯದು ಯಾವ ಹೊಲಕ್ಕೆ, ಹಳ್ಳದ ಬಾಯಿಯದು ಯಾವ ಹೊಲಕ್ಕೆ ಅಂತ ನೋಡಿ ತನ್ನಿ: ಮಸಾರಿಗೆ ಏರಿ ಕಡೆಯದು, ಎರೆಗೆ ಹಳ್ಳದ ಬಾಯಿಯದು.

ಈ ಪದರಗಳ ಮೇಲೆ ಇನ್ನೂ ಸಾವಿರಾರು ಅಡಿ ಹೂಳು ಬಿದ್ದು, ಕಣಗಳ ನಡುವೆ ಸಿಲಿಕಾನೋ ಸುಣ್ಣವೋ ಸಿಮೆಂಟಿನ ಹಾಗೆ ಕೂತರೆ ಅದೇ ಕಣಶಿಲೆ. ಬಾದಾಮಿಯ ಕೆಂಪು ಮರಳುಗಲ್ಲು ಹಾಗೆ ಆದದ್ದು. ಅಲ್ಲಿನ ಮೂರನೇ ಗುಹೆಯನ್ನ ಚಾಲುಕ್ಯರು 578ರಲ್ಲಿ ಮುಗಿಸಿದ್ದು ನಮಗೆ ಬಹಳ ಹಳೇದು ಅನ್ನಿಸುತ್ತೆ, ಆದರೆ ಆ ಮರಳು ನೀರಲ್ಲಿ ಹರಿದು ಬಂದಾಗ ನೆಲದ ಮೇಲೆ ಒಂದು ಗಿಡವೂ ಹುಟ್ಟಿರಲಿಲ್ಲ. ನಮ್ಮ ಮನೆಗಳಿಗೆ ಹಾಸೋ ಶಹಾಬಾದ್ ಕಲ್ಲು ಕೂಡ ಕಣಶಿಲೆಯೇ, ಸಮುದ್ರದ ತಳದಲ್ಲಿ ಕೂತ ಸುಣ್ಣ. ಪದರು ಪದರಾಗಿ ಏಳೋದಕ್ಕೇ ಚಪ್ಪಡಿ ಮಾಡೋದು ಸುಲಭ.

ಈ ಕೆಲಸ ನಿಂತಿಲ್ಲ. ತುಂಗಭದ್ರಾ ಜಲಾಶಯ 1953ರಲ್ಲಿ ತುಂಬಿದಾಗ 133 ಟಿಎಂಸಿ ಹಿಡೀತಿತ್ತು, ಈಗ ಅದು 105ರ ಹತ್ತಿರಕ್ಕೆ ಇಳಿದಿದೆ. ಬಾಕಿ ಜಾಗ ತುಂಬಿರೋದು ಮೇಲಿನ ಜಿಲ್ಲೆಗಳ ಹೊಲ, ಗುಡ್ಡ, ಗಣಿಗಳಿಂದ ಬಂದ ಹೂಳು. ಇಲ್ಲೊಂದು ಲೆಕ್ಕ ಹಾಕಿ. ಒಂದು ಎಕರೆಯಲ್ಲಿ ಬರೀ ಒಂದು ಮಿಲಿಮೀಟರ್ ಮಣ್ಣು ಹೋದರೆ ಎಷ್ಟು? ಸುಮಾರು ನಾಲ್ಕು ಘನ ಮೀಟರ್, ತೂಕದಲ್ಲಿ 5 ಟನ್. ಒಂದೇ ಜೋರು ಮಳೆಗೆ ಅಷ್ಟು ಹೋಗಿರುತ್ತೆ, ಕಣ್ಣಿಗೆ ಕಾಣೋದೂ ಇಲ್ಲ. ಬಂಡೆ ಕೊಳೆತು ಒಂದು ಸೆಂಟಿಮೀಟರ್ ಮಣ್ಣು ಹುಟ್ಟೋಕೆ ನೂರಾರು ವರ್ಷ ಬೇಕು, ನಮ್ಮಂಥ ಒಣ ಸೀಮೆಯಲ್ಲಿ ಇನ್ನೂ ಜಾಸ್ತಿ. ಬದು ಹಾಕೋಕೆ ಬೇಜಾರಾದಾಗ ನಾನು ಈ ಲೆಕ್ಕ ನೆನೆಸ್ಕೋತೀನಿ.

ರೂಪಾಂತರದ ಬಗ್ಗೆ ಹೆಚ್ಚು ಹೇಳಲ್ಲ. ಸುಣ್ಣದ ಕಲ್ಲು ಅಮೃತಶಿಲೆ ಆಗೋದು, ಜೇಡಿ ಮೊದಲು ಹಲಗೆಕಲ್ಲು ಆಮೇಲೆ ಶಿಸ್ಟ್ ಆಗೋದು, ಬೇಲೂರು ಹಳೇಬೀಡಿನ ಬಳಪದ ಕಲ್ಲು, ಇವೆಲ್ಲ ಅದೇ. ಕೆಳಗೆ ಹೋದಷ್ಟೂ ಶಾಖ ಹೆಚ್ಚುತ್ತೆ ಅನ್ನೋದಕ್ಕೆ ಕೋಲಾರದ ಚಿನ್ನದ ಗಣಿಯೇ ಸಾಕ್ಷಿ: 3 ಕಿ.ಮೀ. ಮೀರಿದ ಆಳದಲ್ಲಿ ಬಂಡೆಯೇ ಬಿಸಿ, ಕೆಲಸಗಾರರಿಗೆ ಮೇಲಿನಿಂದ ತಂಪು ಗಾಳಿ ಕಳಿಸಬೇಕಿತ್ತು. ಅದರ ಹತ್ತು ಪಟ್ಟು ಆಳದಲ್ಲಿ ಏನಾಗುತ್ತೆ ಅಂತ ಊಹಿಸಿ.

ಹೊಲದೊಳಗೇ ಹುಟ್ಟಿದ ಕಲ್ಲು

ಈಗ ಆ ಬಿಳಿ ಕಲ್ಲಿಗೆ ಬರೋಣ. ಮೇಲಿನ ಹಸಿರು ಗುಡ್ಡ ಕೊಳೆತಾಗ ಸುಣ್ಣದ ಅಂಶ ಕರಗಿ ನೀರಿನ ಜೊತೆ ಇಳಿಯುತ್ತೆ. ಮಳೆ ಜಾಸ್ತಿ ಇದ್ದಿದ್ದರೆ ಅದು ಹಳ್ಳ ಸೇರಿ ಹೋಗಿಬಿಡೋದು. ನಮ್ಮಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು. ನೀರು ಮಣ್ಣೊಳಗೆ ಎರಡು ಮೂರು ಅಡಿ ಇಳಿದು ಅಲ್ಲೇ ನಿಂತು, ಬಿಸಿಲಿಗೆ ಆರುತ್ತೆ, ಬೇರು ಹೀರುತ್ತೆ. ನೀರು ಹೋಯ್ತು, ಸುಣ್ಣ ಉಳೀತು. ಬೋರ್ ನೀರು ಕಾಯಿಸೋ ಪಾತ್ರೆ ತಳದಲ್ಲಿ, ಸೋಲಾರ್ ಪೈಪಿನಲ್ಲಿ ಬಿಳಿ ಗಾರೆ ಕಟ್ಟುತ್ತಲ್ಲ, ಅದೇ ರಸಾಯನ ಕ್ರಿಯೆ. ಸಾವಿರಾರು ವರ್ಷ ಇದೇ ನಡೆದರೆ ಮೊದಲು ಕಡಲೆ ಗಾತ್ರದ ಹರಳು, ಆಮೇಲೆ ನೆಲ್ಲಿಕಾಯಿ ಗಾತ್ರದ ಗಂಟು, ಕೊನೆಗೆ ಗಂಟು ಗಂಟು ಕೂಡಿ ಹಾಸುಗಲ್ಲು. ಕಲ್ಲು ಕರಗಿ ಮಣ್ಣಾದ ಜಾಗದಲ್ಲೇ ಮತ್ತೆ ಕಲ್ಲು ಹುಟ್ಟಿದೆ, ಸಮುದ್ರಕ್ಕೆ ಹೋಗದೆಯೇ. ಮಳೆ ಕಡಿಮೆ ಇದ್ದಷ್ಟೂ ಈ ಪದರ ಸಾಮಾನ್ಯವಾಗಿ ಮೇಲೇ ಇರುತ್ತೆ.

ನಿಂಬೆಗೆ ಎರಡು ಏಟು. ಒಂದು, ಬೇರು ಇಳಿಯಲ್ಲ, ಮಳೆಗಾಲದಲ್ಲಿ ನೀರು ಬಸಿಯಲ್ಲ. ಎರಡು, ಸುಣ್ಣ ಇರೋ ಮಣ್ಣಿನ ರಸಸಾರ ಎಂಟು ದಾಟುತ್ತೆ, ಅಲ್ಲಿ ಕಬ್ಬಿಣ ಎಷ್ಟಿದ್ದರೂ ಕರಗಲ್ಲ, ಗಿಡಕ್ಕೆ ಸಿಗಲ್ಲ. ಚಿಗುರು ಹಳದಿ ಆಗೋದು ಅದಕ್ಕೇ. ಮಣ್ಣಿನಲ್ಲಿ ಕಬ್ಬಿಣ ಕಡಿಮೆ ಇದ್ದು ಅಲ್ಲ.

"ಸಾವಯವ ಗೊಬ್ಬರ ಜಾಸ್ತಿ ಹಾಕಿದರೆ ಸುಣ್ಣ ಕರಗಲ್ವಾ, ಗಂಧಕ ಹಾಕಿದರೆ?" ಅಂತ ಹಲವರು ಕೇಳ್ತಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ಅಡಿ ದಪ್ಪದ ಪದರದಲ್ಲಿ ಅರ್ಧ ಭಾಗ ಸುಣ್ಣ ಅಂತ ಹಿಡಿದರೂ ಎಕರೆಗೆ 900 ಟನ್ ಆಗುತ್ತೆ. ಒಂದು ಟನ್ ಸುಣ್ಣ ಕರಗಿಸೋಕೆ 320 ಕೆ.ಜಿ. ಗಂಧಕ ಬೇಕು. ಗುಣಿಸಿ ನೋಡಿ, ಎಕರೆಗೆ 290 ಟನ್ ಹತ್ತಿರ. ಗೊಬ್ಬರ ಬೇರಿನ ಸುತ್ತ ಸ್ವಲ್ಪ ಕಬ್ಬಿಣ ಬಿಡಿಸಿಕೊಡುತ್ತೆ, ಅದು ನಿಜ, ಹಾಕಲೇಬೇಕು. ಆದರೆ ಕಲ್ಲನ್ನ ಸೋಲಿಸೋಕೆ ಅಲ್ಲ.

ಬಂಡೆ ಪುಡಿ ಕೊಳ್ಳಬೇಕಾ?

ಈ ಪ್ರಶ್ನೆ ವಾರಕ್ಕೆ ಎರಡಾದರೂ ಬರುತ್ತೆ, ಅದಕ್ಕೆ ಇಲ್ಲೇ ಹೇಳಿಬಿಡ್ತೀನಿ. ಗ್ರಾನೈಟಿನಲ್ಲಿ ಪೊಟ್ಯಾಷ್ ನೂರಕ್ಕೆ ನಾಲ್ಕೈದು ಭಾಗ ಇರೋದು ನಿಜ. ಆದರೆ ಅದು ಹರಳಿನೊಳಗೆ ಬೀಗ ಹಾಕಿ ಕೂತಿದೆ, ಒಂದು ಬೆಳೆಗೆ ಸಿಗೋದು ಬಹಳ ಕಡಿಮೆ. ಕ್ರಷರ್ ಪುಡಿ ಹತ್ತಿರದಲ್ಲಿ ಪುಕ್ಕಟೆ ಸಿಕ್ಕರೆ ಕಾಂಪೋಸ್ಟ್ ಗುಂಡಿಗೆ ಒಂದು ಪದರ ಎರಚಿ, ಹುಳಿ ಇರೋ ಜಾಗದಲ್ಲಿ ಸ್ವಲ್ಪ ಬೇಗ ಕರಗುತ್ತೆ. ಬಸಾಲ್ಟ್ ಪುಡಿ ಇನ್ನೂ ವಾಸಿ, ಮಲೆನಾಡಿನ ಹುಳಿ ಮಣ್ಣಿಗೆ ಹೊಂದುತ್ತೆ. ಪ್ಯಾಕೆಟ್ಟಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಮಾರೋದನ್ನ ಕೊಳ್ಳಬೇಡಿ, ನಿಮ್ಮ ಮಸಾರಿ ಹೊಲದ ಗರಸೇ ಅದು.

ಶಿಲಾರಂಜಕವೂ ಹಾಗೇ. ರಾಜಸ್ಥಾನದ ಜಾಮರ್‌ಕೋಟ್ರಾ ಗಣಿಯಂಥ ಕಡೆಯಿಂದ ಬರೋ ಕಣಶಿಲೆ ಪುಡಿ ಅದು. ಕಾಫಿ, ಅಡಿಕೆ ಸೀಮೆಯ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗಿ ಕೆಲಸ ಮಾಡುತ್ತೆ. ಸುಣ್ಣದ ಎರೆ ಭೂಮಿಗೆ ಹಾಕಿದರೆ ಕಲ್ಲು ಕಲ್ಲಾಗೇ ಇರುತ್ತೆ.

ಗಿಡ ತರೋ ಮುಂಚೆ ಏನು ಮಾಡಬೇಕು

ಮೊದಲು ಮನೆಯ ಹಿರಿಯರನ್ನ, ಊರಲ್ಲಿ ಬಾವಿ ತೋಡಿದವರನ್ನ ಕೇಳಿ: ಎಷ್ಟು ಅಡಿಗೆ ಏನು ಬಂತು? ನಾನು ಮಾಡದ ಕೆಲಸ ಇದು.

ಆಮೇಲೆ ಹೊಲದ ಮೇಲ್ಗಡೆ, ನಡುವೆ, ಕೆಳಗಡೆ ಒಂದೊಂದು ಗುಂಡಿ, ಮೂರಡಿ ಪೂರ್ತಿ. ಅರ್ಧ ದಿನದ ಕೂಲಿ ಆಗುತ್ತೆ, ಆಗಲಿ. ಒಂದು ಮಗ್ಗುಲನ್ನ ಸಲಿಕೆಯಲ್ಲಿ ನುಣ್ಣಗೆ ಕೆರೆದು, ಅಳತೆ ಟೇಪು ಇಳಿಬಿಟ್ಟು ಫೋಟೋ ತೆಗೀರಿ. ಟೇಪು ಇಲ್ಲದ ಫೋಟೋ ನನಗೆ ಕಳಿಸಿದರೆ ನಾನು ಏನೂ ಹೇಳೋಕೆ ಆಗಲ್ಲ. ಪ್ರತಿ ಅಡಿಯ ಮಣ್ಣನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ತೋಟದ ಬೆಳೆಗೆ ಮಣ್ಣು ಪರೀಕ್ಷೆ ಅಂದ್ರೆ ಮೂರೂ ಪದರದ್ದು ಬೇಕು.

ಬಿಳಿ ಗಂಟು ಸಿಕ್ಕರೆ ಜಜ್ಜಿ ಪುಡಿ ಮಾಡಿ ಮೇಲೆ ನಿಂಬೆರಸ ಹಿಂಡಿ, ಕಿವಿ ಹತ್ತಿರ ಹಿಡೀರಿ. ಚುರುಚುರು ಅಂತ ಗುಳ್ಳೆ ಬಂದರೆ ಸುಣ್ಣ. ಬರದೇ ಇದ್ದರೆ ಬೆಣಚು, ಅದರಿಂದ ಭಯ ಇಲ್ಲ. ಬ್ಯಾಟರಿ ಆಸಿಡ್ ಹಾಕಿ ನೋಡೋ ಸಾಹಸ ಬೇಡ.

ಗಂಟುಗಳು ಬಿಡಿಬಿಡಿಯಾಗಿ ಸಿಕ್ಕರೆ, ಗುಂಡಿಗೆ ನಾಲ್ಕು ಕೊಡ ನೀರು ಸುರಿದು ಮರುದಿನ ನೋಡಿ. ನೀರು ಇಂಗಿದ್ದರೆ ಸುಣ್ಣ ತಡೆಯೋ ಗಿಡಗಳ ಬಗ್ಗೆ ಯೋಚನೆ ಮಾಡಬಹುದು. ನಿಂಬೆ ಜಾತಿಯೇ ಬೇಕು ಅಂದ್ರೆ ರಂಗಪುರ ಲೈಮ್ ಬೇರುಸಸಿ ಮೇಲೆ ಕಸಿ ಮಾಡಿದ್ದು ಸುಣ್ಣವನ್ನ ಒಂದಷ್ಟು ತಾಳುತ್ತೆ. ಹಾಸು ಅರ್ಧ ಅಡಿ ಮಾತ್ರ ಇದ್ದು ಅದರ ಕೆಳಗೆ ಗರಸು ಇದ್ದರೆ ಜೆಸಿಬಿಯಲ್ಲಿ ಒಡೆದು ಗುಂಡಿ ಮಾಡಬಹುದು, ಖರ್ಚು ಮೊದಲೇ ಲೆಕ್ಕ ಹಾಕಿ. ಒಂದು ಅಡಿಗಿಂತ ದಪ್ಪ ಇದ್ದು, ನೀರೂ ನಿಂತರೆ ಮರದ ಬೆಳೆ ಕೈಬಿಡಿ. ನನ್ನ ಆ ಎರಡು ಎಕರೆಯಲ್ಲಿ ಈಗ ಈರುಳ್ಳಿ, ಹಿಂಗಾರಿಗೆ ಕಡಲೆ. ಮೇಲಿನ ಎರಡು ಅಡಿ ಎರೆ ಅವಕ್ಕೆ ಸಾಕು. ನಿಂಬೆಯನ್ನ ಮೇಲ್ಗಡೆ, ನೋಡೋಕೆ ಏನೂ ಚೆಂದ ಇಲ್ಲದ ಕೆಂಪು ಗರಸು ಹೊಲಕ್ಕೆ ತಗೊಂಡು ಹೋದೆ. ಮೂರಡಿ ಗುಂಡಿ ಮಾಡಿ ಗೋಡು, ಕಾಂಪೋಸ್ಟ್ ತುಂಬಿದೆ. ನೀರು ಬೇಗ ಬೇಗ ಕೊಡಬೇಕು, ಅದೊಂದೇ ಕಿರಿಕಿರಿ. ಬೇರು ಆ ಕೊಳೆತ ಕಲ್ಲಿನ ಸಂದಿಯಲ್ಲಿ ಇಳಿದುಕೊಂಡು ಹೋಗಿದೆ.

ನಿಮ್ಮ ಊರಿನ ಕೆಳಗೆ ಯಾವ ಬಂಡೆ ಇದೆ ಅಂತ ನಕ್ಷೆ ನೋಡಬೇಕಾದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಅನ್ನೋ ಜಾಲತಾಣ ಇದೆ. ಮೊಬೈಲಿಗಿಂತ ಲ್ಯಾಪ್‌ಟಾಪಿನಲ್ಲಿ ನೋಡೋದು ವಾಸಿ. ಆದರೆ ನಕ್ಷೆ ನಿಮ್ಮ ಸರ್ವೆ ನಂಬರಿನ ಮೂರಡಿ ಒಳಗಿನ ಸುಣ್ಣ ತೋರಿಸಲ್ಲ, ಅದಕ್ಕೆ ಸಲಿಕೆಯೇ ಬೇಕು.

ಆ ಹುಡುಗನ ಇನ್ನೂರು ಗಿಡ ಹನ್ನೆರಡು ದಿನ ಹುಣಸೆ ಮರದ ನೆರಳಲ್ಲಿ ಇದ್ದವು. ಅವನು ಕೆಳಗಿನ ಹೊಲದಲ್ಲಿ ಇನ್ನೂ ಮೂರು ಕಡೆ ಅಗೆದ, ಎಲ್ಲ ಕಡೆ ಹಾಸು. ಮೇಲಿನ ಹೊಲ ಅವನ ಚಿಕ್ಕಪ್ಪನ ಪಾಲಿಗೆ ಬಂದದ್ದು. ಮಾತಾಡಿ, ಈರುಳ್ಳಿಗೆ ಕೆಳಗಿನದು ಅವರಿಗೆ, ನಿಂಬೆಗೆ ಮೇಲಿನದು ಇವನಿಗೆ ಅಂತ ಹತ್ತು ವರ್ಷಕ್ಕೆ ಅದಲು ಬದಲು ಮಾಡಿಕೊಂಡ್ರಂತೆ. ಮೊನ್ನೆ ಮತ್ತೆ ಫೋಟೋ ಬಂತು, ಈ ಸಲ ಟೇಪು ಇಟ್ಟು. ಎರಡೂವರೆ ಅಡಿಯಲ್ಲಿ ಬೂದು ಬಿಳಿ ಪಟ್ಟೆಯ ಕಲ್ಲು, ಅವನ ಬೆರಳೊತ್ತಿದ ಕಡೆ ಪುಡಿಯಾಗಿತ್ತು. "ಅಕ್ಕಾ, ಇದು?"

"ಲಾಲ್‌ಬಾಗ್ ಬಂಡೆಯ ಸಂಬಂಧಿ," ಅಂದೆ. "ಇನ್ನರ್ಧ ಅಡಿ ತೆಗೆಸಿ, ನೀರು ಸುರಿದು ನೋಡು. ಇಂಗಿದರೆ ಗಿಡ ಇಡು."